ಕೋಲು ಆರಿಸುವುದು

ಕನ್ನಡದಲ್ಲಿ ಕೋಲಿಗೆ ಬರವಿಲ್ಲ. ಮುದುಕರ ಕೈಯಲ್ಲಿ ಊರುಗೋಲು, ಒಕ್ಕಲಿಗನ ಕೈಯಲ್ಲಿ ಬಾರುಕೋಲು, ಮೊಸರಿನ ಗಡಿಗೆಯಲ್ಲಿ ಕಡೆಗೋಲು, ಬಡಗಿಯ ಬಳಿ ಅಳತೆಗೋಲು, ಹಬ್ಬದ ದಿನ ಕೋಲಾಟದ ಕೋಲು, ಜಾತ್ರೆಯಲ್ಲಿ ನಂದಿಕೋಲು. ನಾನು ಓದುತ್ತಿದ್ದ ಕಾಲಕ್ಕೆ ಮಾಸ್ತರರ ಕೈಯಲ್ಲಿಯೂ ಒಂದು ಇರುತ್ತಿತ್ತು. ಅದರ ಹೆಸರು ಹೇಳುವ ಅಗತ್ಯವಿಲ್ಲ, ನೆನಪೇ ಸಾಕು. ಈ ಕೋಲುಗಳಿಗೆಲ್ಲ ಒಂದು ಸಾಮಾನ್ಯ ಗುಣವುಂಟು. ಅವನ್ನು ಯಾರೂ ಅಂಗಡಿಗೆ ಹೋಗಿ ಗಂಟೆಗಟ್ಟಲೆ ಆರಿಸುವುದಿಲ್ಲ. ಬೇಲಿಯಲ್ಲಿ ಒಂದನ್ನು ಕಡಿದುಕೊಂಡರಾಯಿತು, ಇಲ್ಲವೆ ಅಜ್ಜ ಬಿಟ್ಟದ್ದನ್ನು ಮೊಮ್ಮಗ ಹಿಡಿದರಾಯಿತು. ಈಚೆಗೆ ಮಾತ್ರ ಒಂದು ಕೋಲನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದು, ಅದಕ್ಕಾಗಿ ನಾನು ಮೂರು ತಿಂಗಳು ವಿಚಾರ ಮಾಡಬೇಕಾಯಿತು. ಎಂ.ಎ. ಪರೀಕ್ಷೆಗೆ ಅಷ್ಟು ವಿಚಾರ ಮಾಡಿದ ನೆನಪು ನನಗಿಲ್ಲ.

ಆ ಕೋಲಿನ ಹೆಸರು ‘ಕ್ಯೂ’. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುವ ಕ್ಯೂ ನಮಗೆಲ್ಲ ಗೊತ್ತು. ಬಿಲಿಯರ್ಡ್ಸ್ ಮೇಜಿನ ಮೇಲೆ ಚೆಂಡನ್ನು ತಿವಿಯುವ ಕ್ಯೂ ಕೂಡ ಹುಟ್ಟಿನಲ್ಲಿ ಅದೇ ಶಬ್ದ. ಫ್ರೆಂಚರ ಭಾಷೆಯಲ್ಲಿ ಅದಕ್ಕೆ ಬಾಲವೆಂದು ಅರ್ಥ. ಭಾಷೆ ಕಲಿಸುವವನಿಗೆ ಇಂಥ ಸಂಗತಿ ಸಿಕ್ಕಿದರೆ ಸುಮ್ಮನೆ ಬಿಡುವ ಅಭ್ಯಾಸವಿಲ್ಲ, ವಾಚಕರು ಸಹಿಸಿಕೊಳ್ಳಬೇಕು. ಮೊದಲು ಈ ಆಟವನ್ನು ತುದಿಯಲ್ಲಿ ದಪ್ಪ ತಲೆಯುಳ್ಳ ಒಂದು ಕೋಲಿನಿಂದ ಆಡುತ್ತಿದ್ದರು. ಅದನ್ನು ಇಂಗ್ಲಿಷರು ‘ಮೇಸ್’ ಎನ್ನುತ್ತಿದ್ದರು, ಅಂದರೆ ಗದೆ. ಚೆಂಡು ಮೇಜಿನ ಅಂಚಿಗೆ ಅಂಟಿ ಕುಳಿತಾಗ ಗದೆಯ ತಲೆ ಅಲ್ಲಿ ಹಿಡಿಸುತ್ತಿರಲಿಲ್ಲ. ಆಗ ಜಾಣರು ಗದೆಯನ್ನು ತಿರುಗಿಸಿ ಅದರ ಬಾಲದಿಂದ ತಿವಿದರು. ಬಾಲವೇ ಮೇಲೆಂದು ಕಂಡುಬಂದು ತಲೆ ಬಿದ್ದುಹೋಯಿತು. ಹೆಂಗಸರ ಕೈಗೆ ಮಾತ್ರ ಬಹಳ ಕಾಲ ಗದೆಯನ್ನೇ ಕೊಡುತ್ತಿದ್ದರಂತೆ; ಮೊನಚಾದ ಬಾಲದಿಂದ ಅವರು ಮೇಜಿನ ಹಸಿರು ಬಟ್ಟೆಯನ್ನು ಹರಿದಾರೆಂಬ ಭಯ. ಈ ಭಯಕ್ಕೆ ನಮ್ಮ ನಾಡಿನ ಒಬ್ಬ ಹೆಣ್ಣುಮಗಳು ಕೊಟ್ಟ ಉತ್ತರವನ್ನು ಮುಂದೆ ಹೇಳುತ್ತೇನೆ.

ಇಷ್ಟಕ್ಕೂ ಈ ಬಾಲಕ್ಕೂ ನನಗೂ ಸಂಬಂಧವೇನು? ನನ್ನ ಊರು ಸೇಡಂ ತಾಲ್ಲೂಕಿನ ಕೋಡ್ಲಾ. ತೊಗರಿ, ಜೋಳ, ಹಾಸುಗಲ್ಲು ಇವು ಆ ಸೀಮೆಯ ಮುಖ್ಯ ಫಲಗಳು. ನೆಲವನ್ನು ಅಗೆದರೆ ಸುಣ್ಣದ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಮನೆಯ ನೆಲಕ್ಕೂ ಅದೇ ಪರಸಿ, ಮಾಡಿಗೂ ಅದೇ ಪರಸಿ. ಅದೇ ಕಲ್ಲನ್ನು ಅರೆದು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳು ಈಗ ಸುತ್ತಲೂ ಎದ್ದಿವೆ. ಅತ್ತ ಕಾಗಿಣಾ ನದಿಯ ದಂಡೆಗೆ ಮಳಖೇಡ. ರಾಷ್ಟ್ರಕೂಟರ ರಾಜಧಾನಿಯಾಗಿ ‘ಕವಿರಾಜಮಾರ್ಗ’ಕ್ಕೆ ನೆಲೆಯಾದ ಊರು ಅದು. ಕ್ಲಾಸಿನಲ್ಲಿ ಆ ಗ್ರಂಥವನ್ನು ಪಾಠ ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರುತ್ತದೆಂದು ವಿದ್ಯಾರ್ಥಿಗಳು ನಗುತ್ತಾರೆ; ನಗಲಿ. ಊರಿನಲ್ಲಿ ಹೊಲ ನೋಡಿಕೊಳ್ಳುವವನು ನನ್ನ ಅಣ್ಣ. ಅವನ ಮಗ ಕಲಬುರಗಿಯಲ್ಲಿ ನನ್ನ ಮನೆಯಲ್ಲಿದ್ದು ಬಿ.ಕಾಂ. ಓದುತ್ತಾನೆ. ಓದುತ್ತಾನೆ ಎಂಬುದು ಅವನ ತಂದೆಗೆ ನಾನು ಹೇಳುವ ಮಾತು. ಸಂಜೆ ಐದರಿಂದ ಏಳರವರೆಗೆ ಅವನು ಪೂಲ್ ಆಡುತ್ತಾನೆ.

ಪೂಲ್ ಎಂಬ ಮಾತು ಕನ್ನಡದ ಕಿವಿಗೆ ಅಷ್ಟು ಶುಭವಾಗಿ ಕೇಳುವುದಿಲ್ಲ. ಅದರ ಪಕ್ಕದಲ್ಲಿಯೇ ‘ಪೋಲು’ ಇದೆ, ‘ಪೋಲಿ’ ಇದೆ. ದುಡ್ಡು ಪೋಲು ಮಾಡುವ ಪೋಲಿಗಳು ಸೇರುವ ಜಾಗ ಎಂದು ಪೂಲ್ ಪಾರ್ಲರುಗಳಿಗೆ ನಮ್ಮ ಬಡಾವಣೆಗಳಲ್ಲಿ ಹೆಸರು. ಗಂಟೆಗೆ ಇಷ್ಟೆಂದು ಬಾಡಿಗೆ, ಮೇಲೆ ಬೀಸುವ ಪಂಖ, ಕೆಳಗೆ ತೂಗುವ ದೀಪ, ಮೂಲೆಯಲ್ಲಿ ತಂಪು ಪಾನೀಯದ ಪೆಟ್ಟಿಗೆ. ಹುಡುಗ ಅಲ್ಲಿಗೆ ಹೋಗುತ್ತಾನೆಂದು ತಿಳಿದ ದಿನ ನನ್ನ ಹೆಂಡತಿ ಎರಡು ದಿನ ಅವನ ಸಂಗಡ ಮಾತಾಡಲಿಲ್ಲ.

ಆದರೆ ಈ ಆಟದ ಕುಲಗೋತ್ರ ವಿಚಾರಿಸಿದರೆ ಅದು ನಮ್ಮ ದೇಶಕ್ಕೆ ಪರಕೀಯವಲ್ಲವೆಂದು ತಿಳಿಯುತ್ತದೆ. ಸ್ನೂಕರ್ ಹುಟ್ಟಿದುದೇ ಇಲ್ಲಿ. 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ಭೋಜನಶಾಲೆಯಲ್ಲಿ, ಮಳೆಗಾಲದ ಬೇಸರ ಕಳೆಯಲೆಂದು ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಕಟ್ಟಿದ ಆಟ ಇದು. ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಅರಿಯದ ಹುಡುಗನಿಗೆ ಅವರು ‘ಸ್ನೂಕರ್’ ಎನ್ನುತ್ತಿದ್ದರು. ಸುಲಭದ ಚೆಂಡನ್ನು ತಪ್ಪಿಸಿದವನನ್ನು ಹಾಗೆ ಮೂದಲಿಸಿದುದೇ ಆಟದ ಹೆಸರಾಯಿತು. ಮುಂದೆ ಅದರ ನಿಯಮಗಳು ಗಟ್ಟಿಯಾದುದು ನೀಲಗಿರಿಯ ಉದಕಮಂಡಲದ ಕ್ಲಬ್ಬಿನಲ್ಲಿ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸಿನ ಹವ್ಯಾಸಿ ವಿಶ್ವಪ್ರಶಸ್ತಿ ಗೆದ್ದರು. 2003ರಲ್ಲಿ, ಚೀನದಲ್ಲಿ, ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ತಮ್ಮ ಹದಿನೆಂಟನೆಯ ವಯಸ್ಸಿಗೇ ಸ್ನೂಕರಿನ ಹವ್ಯಾಸಿ ವಿಶ್ವಪ್ರಶಸ್ತಿ ಗೆದ್ದರು. ಆಮೇಲೆ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲಿಯೂ ಸೇರಿ ಅವರು ಗೆದ್ದ ವಿಶ್ವಪ್ರಶಸ್ತಿಗಳು ಇಪ್ಪತ್ತನ್ನು ಮೀರಿವೆ. ಇದನ್ನೆಲ್ಲ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದ ಮೇಲೆ ಮನೆಯಲ್ಲಿ ಮಾತು ಪುನಃ ಪ್ರಾರಂಭವಾಯಿತು.

ಹುಡುಗನ ಸಮಸ್ಯೆ ಪ್ರಾರಂಭವಾದುದು ಅನಂತರ. ಪಾರ್ಲರಿನಲ್ಲಿ ಪೂಲ್ ಮೇಜು ನಾಲ್ಕು, ಸ್ನೂಕರ್ ಮೇಜು ಒಂದು. ಆ ಒಂದರ ಹತ್ತಿರ ಕಾರ್ಖಾನೆಯೊಂದರಿಂದ ನಿವೃತ್ತರಾದ ಒಬ್ಬ ಹಿರಿಯರು ಭಾನುವಾರ ಬಂದು ಆಡುತ್ತಿದ್ದರು. ಇವನ ಕೈ ನೋಡಿ ಅವರೇ ಕರೆದು ಕಲಿಸತೊಡಗಿದರು. ಒಂದು ದಿನ, “ಇನ್ನು ಸ್ವಂತದ ಕೋಲು ತೊಗೋ, ಅಂದರೆ ಮುಂದಿನದು ಹೇಳಿಕೊಡ್ತೀನಿ” ಎಂದರಂತೆ. ಹುಡುಗ ರಜೆಗೆ ಊರಿಗೆ ಹೋದಾಗ ತಂದೆಯ ಮುಂದೆ ಬಾಯಿ ಬಿಟ್ಟ. ಅಣ್ಣ ಆ ರಾತ್ರಿಯೇ ನನಗೆ ಫೋನು ಮಾಡಿದ.

“ತಮ್ಮಾ, ಒಂದು ಬಡಿಗಿಗೆ ಏಳು ಸಾವಿರ ಅಂತಾನ. ಏಳು ಸಾವಿರದಾಗ ಒಂದು ಹೊಸಾ ಕೂರಿಗಿ ಮಾಡಸಬೌದು. ನೀ ಓದಿದಾಂವ ಇದ್ದಿ. ಬೇಕೋ ಬ್ಯಾಡೋ, ಬೇಕಂದ್ರ ಎಂಥಾದ್ದು, ನೀನೇ ನೋಡಿ ಹೇಳು.”

‘ನೀ ಓದಿದಾಂವ’ ಎಂಬ ಮಾತನ್ನು ಅಣ್ಣ ಕೊಂಕಾಗಿ ಎಂದೂ ಆಡಿದವನಲ್ಲ. ಆದರೂ ಅದು ಬಂದು ತಾಗುವ ಜಾಗಕ್ಕೇ ತಾಗುತ್ತದೆ. ನಾವು ಇಬ್ಬರು ಮಕ್ಕಳು. ಹೊಲಕ್ಕೆ ಒಬ್ಬ ಬೇಕಾಗಿತ್ತು. ಲೆಕ್ಕದಲ್ಲಿ ಅಣ್ಣನ ಕೈ ನನಗಿಂತ ಚುರುಕು. ಏಳನೆಯ ಇಯತ್ತೆಯ ಬಡ್ಡಿ ಲೆಕ್ಕಗಳನ್ನು ಅವನು ಬಾಯಿಯಲ್ಲಿಯೇ ಮಾಡುತ್ತಿದ್ದ. ಆದರೆ ಅವನು ದೊಡ್ಡವನು, ಮೈಯಲ್ಲಿ ಗಟ್ಟಿ. ಅಪ್ಪ ಯಾರನ್ನೂ ಕೇಳದೆ ಹಂಚಿದ: ಅವನಿಗೆ ಬಾರುಕೋಲು, ನನಗೆ ಸೀಮೆಸುಣ್ಣ. ಹಂಚಿಕೆ ತಪ್ಪೆಂದು ನಾನು ಹೇಳಲಾರೆ. ಆ ದಿನಗಳಲ್ಲಿ ಅದಕ್ಕಿಂತ ಬೇರೆ ದಾರಿ ಆ ಮನೆಯಲ್ಲಿ ಇರಲಿಲ್ಲ. ಆದರೆ ನನ್ನ ಓದಿನ ಫೀಜು ಬಂದುದು ಅಣ್ಣನ ತೊಗರಿಯಿಂದ. ಅದೇ ತೊಗರಿಯ ದುಡ್ಡು ಈಗ ಒಂದು ಕೋಲಿಗೆ ಹೋಗಬೇಕೋ ಬೇಡವೋ ಎಂಬ ತೀರ್ಪು ನನ್ನ ಬಾಯಿಂದ ಬರಬೇಕಾಗಿತ್ತು.

ಅದೃಷ್ಟಕ್ಕೆ ಆ ತಿಂಗಳು ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಬೇಕಾಯಿತು. ಅಲ್ಲಿ ಗೆಳೆಯರೊಬ್ಬರು ಸದಸ್ಯರಾಗಿದ್ದ ಕ್ಲಬ್ಬಿನಲ್ಲಿ ಒಬ್ಬ ಹಳೆಯ ಮಾರ್ಕರು ಸಿಕ್ಕರು. ಬಿಲಿಯರ್ಡ್ಸ್ ಕೋಣೆಯಲ್ಲಿ ಅಂಕಗಳನ್ನು ಬರೆಯುವ, ಮೇಜನ್ನು ಬ್ರಷ್ ಮಾಡಿ ಇಸ್ತ್ರಿ ಹಾಕುವ, ಕೋಲಿನ ತುದಿಗೆ ಹೊಸ ಚರ್ಮ ಅಂಟಿಸುವ, ಜತೆಗಾರರಿಲ್ಲದವರ ಜತೆ ಆಡುವ ಮನುಷ್ಯನಿಗೆ ಮಾರ್ಕರ್ ಎಂದು ಹೆಸರು. ನಲವತ್ತು ವರ್ಷ ಆ ಹಸಿರು ಬಟ್ಟೆಯನ್ನು ನೋಡಿದವರು. ನಾನು ನನ್ನ ಪ್ರಶ್ನೆ ಹೇಳಿದೆ: ಪೂಲ್‌ಗೂ ಸ್ನೂಕರಿಗೂ ಎರಡಕ್ಕೂ ಆಗುವಂಥ ಒಂದು ಒಳ್ಳೆಯ ಕೋಲು ಯಾವುದು?

“ಮೇಷ್ಟ್ರೇ,” ಎಂದರು ಅವರು, “ಬರೆಯೋದಕ್ಕೂ ಸುಣ್ಣ ಬಳಿಯೋದಕ್ಕೂ ಒಂದೇ ಬ್ರಷ್ ಕೇಳ್ತಾ ಇದ್ದೀರಿ. ಆಗಲ್ಲ ಅಂತಲ್ಲ, ಆಗತ್ತೆ. ಎರಡೂ ಕೆಟ್ಟದಾಗಿ ಆಗತ್ತೆ.”

ಅವರು ಎರಡು ಕೋಲುಗಳನ್ನು ತಂದು ಅಕ್ಕಪಕ್ಕ ಇಟ್ಟು ತೋರಿಸಿದುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನನ್ನಂತೆ ಮನೆಯಲ್ಲಿ ಹುಡುಗರಿರುವ ವಾಚಕರು ಇದ್ದಾರು.

ಎಲ್ಲದಕ್ಕೂ ಮೂಲ ಚೆಂಡು. ಪೂಲ್ ಎಂದರೆ ನಮ್ಮ ಪಾರ್ಲರುಗಳಲ್ಲಿ ಸಾಮಾನ್ಯವಾಗಿ ಅಮೆರಿಕದ ಪದ್ಧತಿಯ ಆಟ. ಅದರ ಚೆಂಡಿನ ಅಡ್ಡಳತೆ 57 ಮಿಲಿಮೀಟರು. ಸ್ನೂಕರಿನ ಚೆಂಡು 52.5 ಮಿಲಿಮೀಟರು, ತೂಕದಲ್ಲಿಯೂ ಹಗುರ. ಐದು ಮಿಲಿಮೀಟರಿಗೂ ಕಡಿಮೆಯ ವ್ಯತ್ಯಾಸ ಏನು ಮಹಾ ಎನ್ನಬೇಡಿ. ಇಡೀ ಕೋಲು ಅದರಿಂದಲೇ ಬೇರೆಯಾಗುತ್ತದೆ. ದೊಡ್ಡ ಚೆಂಡಿಗೆ ಪೂಲ್ ಕೋಲಿನ ತುದಿ 12ರಿಂದ 13 ಮಿಲಿಮೀಟರು ದಪ್ಪ. ಸಣ್ಣ ಚೆಂಡಿನ ನಡುವನ್ನು ಬಿಟ್ಟು ಕೂದಲೆಳೆಯಷ್ಟು ಆಚೆ ಈಚೆ ಮುಟ್ಟಬೇಕಾದ ಸ್ನೂಕರ್ ಕೋಲಿನ ತುದಿ 9ರಿಂದ 10 ಮಿಲಿಮೀಟರು ಮಾತ್ರ. ತುದಿ ಸಣ್ಣದಾದರೆ ಅಲ್ಲಿ ಮರ ಸೀಳುವ ಭಯ. ಆದುದರಿಂದ ಸ್ನೂಕರ್ ಕೋಲಿನ ತುದಿಗೆ ಹಿತ್ತಾಳೆಯ ಉಂಗುರ. ಪೂಲ್ ಕೋಲಿಗೆ ಅದೇ ಜಾಗದಲ್ಲಿ ಬಿಳಿಯ ಫೈಬರಿನ ತೊಡಿಗೆ.

ಮೇಜು ಎರಡನೆಯದು. ಸ್ನೂಕರ್ ಮೇಜು ಹನ್ನೆರಡು ಅಡಿ ಉದ್ದ, ಆರಡಿ ಅಗಲ. ಪೂಲ್ ಮೇಜು ದೊಡ್ಡದೆಂದರೆ ಒಂಬತ್ತು ಅಡಿ. ಪೂಲ್ ಮೇಜಿನ ಕಿಸೆ ಅಗಲ, ಅದರ ಬಾಯಿಯ ಅಂಚು ಕತ್ತರಿಸಿದಂತೆ ನೇರ. ಚೆಂಡು ಅಷ್ಟಿಷ್ಟು ತಪ್ಪಿ ಬಂದರೂ ಒಳಗೆ ಕರೆದುಕೊಳ್ಳುತ್ತದೆ. ಸ್ನೂಕರಿನ ಕಿಸೆಯ ಬಾಯಿ ದುಂಡಗೆ ತಿರುಗಿದೆ. ಸ್ವಲ್ಪ ತಪ್ಪಿದರೆ ಆಚೆ ಈಚೆ ಬಡಿದು ಹೊರಗೆ ತಳ್ಳುತ್ತದೆ. “ಒಂದು ಅತ್ತೆ ಮನೆ, ಒಂದು ತಾಯಿ ಮನೆ” ಎಂದರು ಮಾರ್ಕರು. ಹೀಗಾಗಿ ಸ್ನೂಕರಿನಲ್ಲಿ ಗುರಿಯೇ ಮುಖ್ಯ. ಆಟಗಾರ ಬಗ್ಗಿ ಗದ್ದವನ್ನು ಕೋಲಿಗೆ ತಾಗಿಸಿ, ಮುಂಗೈಯನ್ನು ಬಟ್ಟೆಯ ಮೇಲೆ ಊರಿ, ಹೆಬ್ಬೆರಳೆತ್ತಿ ಮಾಡಿದ ಸಂದಿನಲ್ಲಿ ಕೋಲನ್ನು ಹರಿಸುತ್ತಾನೆ. ಹಿಡಿಯಿಂದ ತುದಿಯವರೆಗೆ ಒಂದೇ ಸಮನೆ ಸಣ್ಣದಾಗುತ್ತ ಹೋಗುವ ಕೋಲು ಈ ಸಂದಿನಲ್ಲಿ ಸಲೀಸಾಗಿ ಕೂರುತ್ತದೆ. ಪೂಲ್ ಆಡುವವರು ಅನೇಕ ವೇಳೆ ತೋರುಬೆರಳನ್ನು ಕೋಲಿನ ಮೇಲೆ ಉಂಗುರದಂತೆ ಸುತ್ತುತ್ತಾರೆ. ಉಂಗುರದಲ್ಲಿ ಹೋಗಿಬರುವ ಕೋಲು ಅಲ್ಲಿ ದಪ್ಪವಾಗುತ್ತ ಹೋದರೆ ಬೆರಳು ಬಿಗಿಯುತ್ತದೆ. ಅದಕ್ಕಾಗಿ ಪೂಲ್ ಕೋಲಿನ ಮುಂಭಾಗ ಒಂದಡಿಗೂ ಹೆಚ್ಚು ಉದ್ದ ಹೆಚ್ಚುಕಡಿಮೆ ಒಂದೇ ದಪ್ಪ. ನೋಡಿ, ಬೆರಳು ಮಡಿಸುವ ರೀತಿಯಿಂದ ಮರ ಕೆತ್ತುವ ರೀತಿ ಬದಲಾಗಿದೆ!

ಮರವೂ ಬೇರೆ. ಪೂಲ್‌ಗೆ ಮೇಪಲ್ ಮರ. ನುಣುಪು, ಗೆರೆ ಕಾಣದು. ಸ್ನೂಕರಿಗೆ ಬಹುಮಟ್ಟಿಗೆ ಆ್ಯಶ್ ಮರ. ಅದರ ಮೇಲೆ ಗೆರೆಗಳು ಬಾಣದ ಮೊನೆಯಂತೆ ಒಂದರ ಹಿಂದೊಂದು ಮೂಡಿರುತ್ತವೆ. ಗುರಿ ನೋಡುವವನ ಕಣ್ಣಿಗೆ ಅವು ದಾರಿ ತೋರುತ್ತವೆ. ಹಿಡಿಗೆ ಎಬೊನಿಯ ಕರಿಮರ. ತೂಕ ಸ್ನೂಕರಿಗೆ 17-18 ಔನ್ಸು, ಪೂಲ್‌ಗೆ 19-20 ಔನ್ಸು. ಪೂಲ್‌ನಲ್ಲಿ ಮೊದಲ ಹೊಡೆತಕ್ಕೆ ಹದಿನೈದು ಚೆಂಡುಗಳ ಗುಂಪನ್ನು ಒಡೆದು ಚದುರಿಸಬೇಕು. ಸ್ನೂಕರಿನ ಸಪೂರ ಕೋಲಿನಿಂದ ದಿನವೂ ಆ ಕೆಲಸ ಮಾಡಿಸಿದರೆ ಅದರ ಆಯುಷ್ಯ ಕಡಿಮೆ. ಬಲ್ಲ ಪೂಲ್ ಆಟಗಾರರು ಒಡೆಯುವುದಕ್ಕೆಂದೇ ಬೇರೊಂದು ಕೋಲಿಟ್ಟಿರುತ್ತಾರೆ.

“ಹಾಗಾದರೆ ಒಳ್ಳೆಯ ಕೋಲನ್ನು ಗುರುತಿಸುವುದು ಹೇಗೆ?” ಎಂದೆ.

ಅವರ ಉತ್ತರ ನಾಲ್ಕೇ ಮಾತು. ನೆಟ್ಟಗೆ ನಿಂತು ಕೋಲನ್ನು ಪಕ್ಕಕ್ಕೆ ನಿಲ್ಲಿಸಿಕೋ. ಕಂಕುಳಿಗೂ ಹೆಗಲಿಗೂ ನಡುವೆ ಬಂದರೆ ಉದ್ದ ಸರಿ. ಒಂದು ಕಣ್ಣು ಮುಚ್ಚಿ ಹಿಡಿಯಿಂದ ತುದಿಗೆ ನೋಡುತ್ತ ನಿಧಾನವಾಗಿ ತಿರುಗಿಸು. ಡೊಂಕಿದ್ದರೆ ಕಣ್ಣು ಹೇಳುತ್ತದೆ. ಮೇಜಿನ ಮೇಲೆ ಉರುಳಿಸಿಯೂ ನೋಡು, ಆದರೆ ಉರುಳಿಸಿದ್ದನ್ನೇ ನಂಬಬೇಡ, ಕಣ್ಣನ್ನು ನಂಬು. ಗೆರೆಗಳು ನೇರವಾಗಿ ಹಿತ್ತಾಳೆಯ ಉಂಗುರದ ತನಕ ಓಡಿವೆಯೋ ನೋಡು. ಉಳಿದುದೆಲ್ಲ, ಎಂದರೆ ಬಣ್ಣ, ಚಿತ್ರ, ಮುತ್ತಿನ ಚಿಪ್ಪಿನ ಕೆತ್ತನೆ, ಅಂಗಡಿಯವನ ಬಾಡಿಗೆಗೆ. ಕೊಂಡ ಮೇಲೆ ಬಿಸಿಲಿಗೆ ಇಡಬೇಡ, ಗೋಡೆಗೆ ಒರಗಿಸಿ ಬಿಡಬೇಡ. ಕಲಬುರಗಿಯ ಬೇಸಿಗೆ ಅವರಿಗೆ ಗೊತ್ತಿತ್ತು. “ನಿಮ್ಮೂರಲ್ಲಿ ಮನುಷ್ಯರೇ ಡೊಂಕಾಗ್ತಾರೆ, ಸಾರ್” ಎಂದು ನಕ್ಕರು. ತುದಿಗೆ ಅಂಟಿಸುವ ಚರ್ಮದ ಗುಂಡಿ ಮಾತ್ರ ಒಳ್ಳೆಯದಿರಲಿ. ಚರ್ಮವಿಲ್ಲದಿದ್ದರೆ ಚೆಂಡನ್ನು ಹಿಂದಕ್ಕೆ, ಪಕ್ಕಕ್ಕೆ ಸುತ್ತಿಸುವ ವಿದ್ಯೆಯೇ ಇಲ್ಲ. ಫ್ರಾನ್ಸಿನ ಮ್ಯಾಂಗೋ ಎಂಬ ಸೈನ್ಯಾಧಿಕಾರಿ 19ನೆಯ ಶತಮಾನದ ಆರಂಭದಲ್ಲಿ ಸೆರೆಮನೆಯಲ್ಲಿದ್ದಾಗ ಅದನ್ನು ಕಂಡುಹಿಡಿದನೆಂದು ಪ್ರತೀತಿ. ಆ ಚರ್ಮಕ್ಕೆ ತಿಕ್ಕುವ ನೀಲಿ ಸೀಮೆಸುಣ್ಣದ ಮೇಲೆ ನನಗೆ ಸಹಜವಾಗಿ ಅಭಿಮಾನ ಹುಟ್ಟಿತ್ತು. ಅದರಲ್ಲಿ ಸೀಮೆಸುಣ್ಣವೇ ಇಲ್ಲವೆಂದು, 1897ರಿಂದ ಅದನ್ನು ಮರಳಿನ ಜಾತಿಯ ಗಟ್ಟಿ ಪುಡಿಗಳಿಂದ ಮಾಡುತ್ತಾರೆಂದು ತಿಳಿದು ಆ ಅಭಿಮಾನ ಇಳಿಯಿತು.

“ಆದರೆ ಇದೆಲ್ಲ ಎರಡನೆಯ ಪ್ರಶ್ನೆ, ಮೇಷ್ಟ್ರೇ,” ಎಂದರು ಮಾರ್ಕರು. “ಹುಡುಗನಿಗೆ ಸ್ವಂತ ಕೋಲು ಯಾಕೆ ಬೇಕು, ಅದನ್ನು ಕೇಳಿದ್ದೀರಾ?”

ಗೋಡೆಯ ಸ್ಟ್ಯಾಂಡಿನಲ್ಲಿ ನಿಂತಿರುವ ಕೋಲುಗಳು ಎಲ್ಲರವು. ಒಂದರ ತುದಿ ಸವೆದಿದೆ, ಒಂದು ಭಾರ, ಒಂದು ಡೊಂಕು. ಬಹಳ ಜನ ದೊಡ್ಡ ಆಟಗಾರರು ಮೊದಲು ಅವುಗಳಿಂದಲೇ ಕಲಿತವರು. ಬೆಂಗಳೂರಿನ ಉಮಾದೇವಿ ನಾಗರಾಜ್ ಸರ್ಕಾರದ ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದರು. ಸಚಿವಾಲಯದ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದರು. ಆ ಮೇಜು ಖಾಲಿಯಾಗುವವರೆಗೆ ಕಾಯುವ ಬೇಸರಕ್ಕೆ ಪಕ್ಕದ ಬಿಲಿಯರ್ಡ್ಸ್ ಮೇಜಿಗೆ ಸರಿದರು. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಅವರದಾಯಿತು. ಹೆಂಗಸರು ಬಟ್ಟೆ ಹರಿದಾರೆಂದು ಹೆದರಿದವರಿಗೆ ಇದೇ ಆ ಉತ್ತರ. ಕ್ಯೂನಲ್ಲಿ ನಿಂತು ಬೇಸತ್ತವರು ಕ್ಯೂ ಹಿಡಿದು ಲೋಕವನ್ನೇ ಗೆದ್ದರು ಎಂದರೆ ಶಬ್ದಕ್ಕೂ ನ್ಯಾಯ ಸಂದೀತು.

ಆದ್ದರಿಂದ ಕೈಗೆ ವಿದ್ಯೆ ಕೊಡುವುದು ಸ್ವಂತ ಕೋಲಲ್ಲ. ಹಾಗಾದರೆ ಅದು ಕೊಡುವುದೇನು? ಮಾರ್ಕರು ಹೇಳಿದ ಮಾತು ನನಗೆ ಬೆಂಗಳೂರಿನಿಂದ ಕಲಬುರಗಿಯವರೆಗೆ ರೈಲಿನಲ್ಲಿ ನಿದ್ದೆಗೊಡಲಿಲ್ಲ. “ಸ್ಟ್ಯಾಂಡಿನ ಕೋಲಲ್ಲಿ ಹೊಡೆದು ತಪ್ಪಿದರೆ ಕೋಲನ್ನು ನೋಡ್ತಾರೆ, ಸಾರ್. ಸ್ವಂತ ಕೋಲಲ್ಲಿ ತಪ್ಪಿದರೆ ಕೈ ನೋಡ್ಕೋಬೇಕು. ಅಷ್ಟೇ ವ್ಯತ್ಯಾಸ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯಲಾರೆವೋ ಕುಣಿಯಬಲ್ಲೆವೋ ಎಂಬುದು ನಮಗೇ ತಿಳಿಯುವುದಿಲ್ಲ. ಸ್ವಂತ ಕೋಲನ್ನು ಆರಿಸಿಕೊಂಡವನು ಏಳು ಸಾವಿರ ರೂಪಾಯಿ ಕೊಟ್ಟು ಕೊಳ್ಳುವುದು ಕೋಲನ್ನಲ್ಲ. ಕೋಲಿನ ಮೇಲೆ ತಪ್ಪು ಹೊರಿಸುವ ಹಕ್ಕನ್ನು ಕಳೆದುಕೊಳ್ಳುವುದಕ್ಕಾಗಿ ಅಷ್ಟು ತೆರುತ್ತಾನೆ. ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ ಹುಡುಗನಾಗಿದ್ದಾಗ ಕೊಂಡ ಸುಮಾರು 40 ಪೌಂಡಿನ ಸಾಧಾರಣ ಕೋಲಿನಿಂದಲೇ 1990ರಿಂದ 1999ರೊಳಗೆ ಏಳು ಬಾರಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ. ಅದು ಒಮ್ಮೆ ಕಳುವಾದಾಗ ಅದರ ಬೆಲೆಯ ನೂರಾರು ಪಟ್ಟು ಬಹುಮಾನ ಸಾರಿ ಮರಳಿ ಪಡೆದ. 2003ರಲ್ಲಿ ವಿಮಾನಪ್ರಯಾಣದಲ್ಲಿ ಅದು ಮುರಿದುಹೋಯಿತು. ಅವನು ಅದಕ್ಕಿಂತ ಬೆಲೆಯುಳ್ಳ ಕೋಲುಗಳನ್ನು ಕೊಳ್ಳಲಾರದವನಲ್ಲ. ಆರಿಸುವ ಕೆಲಸ ಒಂದು ಸಲ ಮುಗಿಸಿ, ಉಳಿದ ಆಯುಷ್ಯವನ್ನು ಕೈಗೆ ಕೊಟ್ಟವನು.

ಇದನ್ನು ನಾನು ನಮ್ಮ ಮನೆಯ ಕಡೆಗೆ ತಿರುಗಿಸಿ ನೋಡದಿರಲಾರದೆ ಹೋದೆ. ಅಣ್ಣನ ಬಾರುಕೋಲನ್ನೂ ನನ್ನ ಸೀಮೆಸುಣ್ಣವನ್ನೂ ಆರಿಸಿದವನು ಅಪ್ಪ. ಇಬ್ಬರೂ ಬದುಕಿದ್ದೇವೆ, ಕೆಟ್ಟದಾಗಿಯೇನೂ ಅಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಅಣ್ಣನಿಗೆ, ಕ್ಲಾಸು ಖಾಲಿಯಾಗಿ ಕಂಡ ದಿನ ನನಗೆ, ‘ಇದನ್ನು ನಾನು ಆರಿಸಿಕೊಂಡದ್ದಲ್ಲ’ ಎಂದು ಹೋಗಿ ಕುಳಿತುಕೊಳ್ಳಲು ಮನಸ್ಸಿನಲ್ಲಿ ಒಂದು ಕಟ್ಟೆ ಇದೆ. ಆ ಕಟ್ಟೆ ತಂಪಾಗಿದೆ. ಅದಕ್ಕೇ ಅದು ಒಳ್ಳೆಯದಲ್ಲ. ಅಣ್ಣನ ಮಗನಿಗೂ ಅಂಥದೊಂದು ಕಟ್ಟೆಯನ್ನು ನಾನೇ ಕಟ್ಟಿಕೊಡಬೇಕೆ? ‘ಕಾಕಾ ಹೇಳಿದ, ಅದಕ್ಕ ಈ ಕೋಲು ಹಿಡಿದೆ’ ಎಂದು ಅವನು ಮುಂದೆ ಹೇಳುವಂತೆ ಆಗಬಾರದು. ಅಣ್ಣ ಕೇಳಿದುದು ನನ್ನ ತೀರ್ಪನ್ನು. ನಾನು ಹುಡುಗನಿಗೆ ಮಾರ್ಕರು ಹೇಳಿದ್ದೆಲ್ಲವನ್ನೂ ಹೇಳಿ, “ಎರಡಕ್ಕೂ ಆಗೋ ಕೋಲು ಇಲ್ಲ. ಯಾವುದಾದರೂ ಒಂದು. ವಿಚಾರ ಮಾಡಿ ನೀನೇ ಹೇಳು” ಎಂದೆ.

ಒಂದು ವಾರ ಅವನು ಪಾರ್ಲರಿಗೂ ಹೋಗಲಿಲ್ಲ. ಪೂಲ್ ಕೋಲಿನ ಮೇಲೆ ಅವನಿಗೆ ಮನಸ್ಸಿತ್ತೆಂಬುದು ನನಗೆ ಗೊತ್ತು. ಹಿಡಿಯ ಮೇಲೆ ಬೆಂಕಿಯುಗುಳುವ ಸರ್ಪದ ಚಿತ್ರವಿದ್ದ ಒಂದನ್ನು ಫೋನಿನಲ್ಲಿ ನನಗೆ ಎರಡು ಸಲ ತೋರಿಸಿದ್ದ. ಗೆಳೆಯರೆಲ್ಲ ಪೂಲಿನವರು. ಪೂಲ್ ಕೀಳು ಆಟವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನುರಿತವನ ಕೈಚಳಕ ನೋಡಿದರೆ ಯಾರೂ ಹಾಗೆ ಹೇಳಲಾರರು. ಎಂಟನೆಯ ದಿನ ಹುಡುಗ ಬಂದು ಬಾಗಿಲಲ್ಲಿ ನಿಂತ.

“ಕಾಕಾ, ಪೂಲ್‌ನಾಗ ನಾ ದಿನಾ ಗೆಲ್ತೀನ್ರಿ. ಸ್ನೂಕರ್‌ದಾಗ ದಿನಾ ಸೋಲ್ತೀನಿ. ಸ್ನೂಕರ್ ಕೋಲೇ ಇರ್ಲಿ.”

ನಾನು ಈ ಮಾತನ್ನು ಇದ್ದಕ್ಕಿದ್ದಂತೆ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಎತ್ತಿನ ಕೊರಳ ಗಂಟೆ ಮಾತ್ರ ಕೇಳಿಸಿತು. ಆಮೇಲೆ, “ಸೋಲೋದಕ್ಕ ರೊಕ್ಕಾ ಕೇಳ್ಯಾನಾ? ಹಾಂಗಾದ್ರ ಖರೇನೇ ಬೇಕಾಗ್ಯದ ಅವನಿಗೆ. ಕೊಡಿಸು” ಎಂದ.

ಕೊಂಡದ್ದು ಚಿತ್ರವಿಲ್ಲದ, ಮುಕ್ಕಾಲು ಭಾಗದಲ್ಲಿ ಬಿಚ್ಚಿ ಜೋಡಿಸುವ ಆ್ಯಶ್ ಮರದ ಕೋಲು. 58 ಇಂಚು ಉದ್ದ, 18 ಔನ್ಸು ತೂಕ. ಹುಡುಗ ಹದಿಮೂರು ಕೋಲುಗಳನ್ನು ಕಣ್ಣಿಗೆ ಹಿಡಿದು ನೋಡಿದ. ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಒಂದು ಮಾತೂ ಆಡಲಿಲ್ಲ. ಉಪನ್ಯಾಸಕನಿಗೆ ಅದು ಎಷ್ಟು ಕಷ್ಟವೆಂಬುದನ್ನು ಉಪನ್ಯಾಸಕರೇ ಬಲ್ಲರು.

ಸುಗ್ಗಿಯ ರಜೆಗೆ ಊರಿಗೆ ಹೋದಾಗ ಅವನು ಕೋಲನ್ನು ತಂದೆಗೆ ತೋರಿಸಲು ಒಯ್ದ. ಅಣ್ಣ ಕೈಯೊರೆಸಿಕೊಂಡು ಅದನ್ನು ತೆಗೆದುಕೊಂಡ. ಒಂದು ಕಣ್ಣು ಮುಚ್ಚಿ ಹಿಡಿಯಿಂದ ತುದಿಗೆ ನೋಡುತ್ತ ನಿಧಾನವಾಗಿ ತಿರುಗಿಸಿದ. ಪಡಸಾಲೆಯ ಪರಸಿಯ ಮೇಲೆ ಮೆಲ್ಲಗೆ ಉರುಳಿಸಿ ಕಿವಿಗೊಟ್ಟ. ಗೆರೆಗಳ ಮೇಲೆ ಉಗುರಿನಿಂದ ಎಳೆದು ಅವು ಎಲ್ಲಿಯವರೆಗೆ ಹೋಗಿವೆಯೆಂದು ನೋಡಿದ. ಮಾರ್ಕರು ಹೇಳಿದ ಮಾತು ಒಂದನ್ನೂ ನಾನು ಅವನಿಗೆ ಹೇಳಿರಲಿಲ್ಲ. ಜಾಲಿಯ ಮರದಿಂದ ಕೊಡಲಿಯ ಕಾವು ಆರಿಸುವಾಗ ಅವನು ಮೂವತ್ತು ವರ್ಷದಿಂದ ಮಾಡುತ್ತ ಬಂದುದೇ ಇದು. ಆಟದ ಮೇಜಿನ ಬಟ್ಟೆಯ ಕೆಳಗೂ ಕಲ್ಲಿನ ಹಾಸೇ ಇರುತ್ತದೆ, ಒಂದು ಮೇಜಿಗೆ ಐದು ಚಪ್ಪಡಿ ಸ್ಲೇಟು ಕಲ್ಲು, 1826ರಲ್ಲಿ ಲಂಡನ್ನಿನ ಥರ್ಸ್ಟನ್ ಎಂಬವನು ಆ ಪದ್ಧತಿ ತಂದ ಎಂದು ಹೇಳಿದಾಗ ಮಾತ್ರ ಅವನಿಗೆ ಆಟದ ಮೇಲೆ ಗೌರವ ಹುಟ್ಟಿತು. “ಹಂಗಂದ್ರ ನೆಲಾ ಡೊಂಕಿಲ್ಲ” ಎಂದ. ಕೋಲನ್ನು ಮಗನಿಗೆ ಹಿಂದಕ್ಕೆ ಕೊಡುತ್ತ, “ಕಾವು ಛಲೋ ಅದ. ಒಂದು ಸುಗ್ಗಿ ಹೋಗಲಿ, ಕೈ ಹೇಳ್ತದ” ಎಂದ.

ಒಂದು ಸುಗ್ಗಿ ಈಗ ಕಳೆದಿದೆ. ಹುಡುಗ ಅಂತರ ಕಾಲೇಜು ಪಂದ್ಯದಲ್ಲಿ ಎರಡನೆಯ ಸುತ್ತಿನಲ್ಲಿಯೇ ಸೋತು ಬಂದ. ಮೇಜಿನ ಬಟ್ಟೆ ಹೇಗಿತ್ತು, ದೀಪ ಹೇಗಿತ್ತು ಎಂದು ನಾನು ಕೇಳಿದೆ. ಮಕ್ಕಳು ಸೋತು ಬಂದಾಗ ಹಿರಿಯರು ಕೇಳುವ ಪದ್ಧತಿ ಅದು. “ಎಲ್ಲಾ ಛಲೋ ಇತ್ರಿ, ಕಾಕಾ” ಎಂದವನು ಕೋಲನ್ನು ಬಿಚ್ಚಿ, ಅರಿವೆಯಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಆಮೇಲೆ ಬಲಗೈಯ ಮಣಿಕಟ್ಟನ್ನು ಆಚೆ ಈಚೆ ತಿರುಗಿಸಿ, ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತ.